ಕಾಲ್‌ಶೀಟಿನಲ್ಲಿ ಮಗುವಿನ ಹೆಸರಿದ್ದರೆ

ಮಕ್ಕಳ ನಟನೆ, ಮಾಡೆಲಿಂಗ್ ಬಾಲಕಾರ್ಮಿಕತನವೇ? ಷರತ್ತು ಪಾಲಿಸಿದರೆ ಅಲ್ಲ, ಪಾಲಿಸದಿದ್ದರೆ ಹೌದು. ಕಾನೂನು ಹೇಳುವುದು ಇಷ್ಟೇ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಹಚ್ಚಬಾರದೆಂದು ಹೇಳಿ, ಎರಡು ಕಿಂಡಿ ಬಿಟ್ಟಿತು. ಮನೆಯವರ ಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ ಕೈಜೋಡಿಸುವುದು ಒಂದು. ಸಿನಿಮಾ, ಧಾರಾವಾಹಿ, ಜಾಹೀರಾತು, ಕ್ರೀಡೆಯಲ್ಲಿ ಕಲಾವಿದರಾಗಿ ಪಾಲ್ಗೊಳ್ಳುವುದು ಇನ್ನೊಂದು. ಸರ್ಕಸ್ಸಿಗೆ ಆ ರಿಯಾಯಿತಿಯೂ ಇಲ್ಲ.

ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿಯನ್ನು ನಿರ್ಮಾಪಕರು ಮೊದಲೇ ಪಡೆದಿರಬೇಕು. ನಮೂನೆ ‘ಸಿ’ಯಲ್ಲಿ ಮುಚ್ಚಳಿಕೆ, ಮಕ್ಕಳ ಪಟ್ಟಿ, ತಂದೆತಾಯಿಯ ಒಪ್ಪಿಗೆ, ಸೆಟ್ಟಿನಲ್ಲಿ ಮಗುವಿನ ಹೊಣೆ ಹೊತ್ತವರ ಹೆಸರು ಕೊಡಬೇಕು. ಐದು ಮಕ್ಕಳಿಗೆ ಒಬ್ಬರಾದರೂ ಹೊಣೆಗಾರರಿರಬೇಕು. ಮುಚ್ಚಳಿಕೆಗೆ ಆರು ತಿಂಗಳ ಆಯುಸ್ಸು. ಬೆಂಗಳೂರಿನಲ್ಲಿ ಎಡವುವುದು ‘ಜಿಲ್ಲೆ’ಯ ವಿಷಯದಲ್ಲಿ. ಕಂಠೀರವ ಸ್ಟುಡಿಯೊದ ಶೂಟಿಂಗಿಗೆ ಕೆ.ಜಿ. ರಸ್ತೆಯ ನಗರ ಜಿಲ್ಲಾಧಿಕಾರಿ ಕಚೇರಿ ಸರಿ. ಮರುದಿನ ಯೂನಿಟ್ ದೇವನಹಳ್ಳಿಯ ತೋಟಕ್ಕೆ ಹೋದರೆ ಬೇರೆ ಜಿಲ್ಲೆ, ನಂದಿ ಬೆಟ್ಟ ಹತ್ತಿದರೆ ಚಿಕ್ಕಬಳ್ಳಾಪುರ, ಬಿಡದಿಯಾದರೆ ಮತ್ತೊಂದು. ನಗರದ ಕಾಗದ ಅಲ್ಲೆಲ್ಲ ನಡೆಯುವುದಿಲ್ಲ.

ಇನ್ನು ಗಡಿಯಾರ. ದಿನಕ್ಕೆ 5 ಗಂಟೆ, ಬಿಡುವಿಲ್ಲದೆ 3 ಗಂಟೆ ಮೀರಬಾರದು, ಸತತ 27 ದಿನ ದಾಟಬಾರದು. ಕಾಗದದಲ್ಲಿ ಸರಳ. ಒಂದು ದಿನ ತೆಗೆದುಕೊಳ್ಳಿ: ಬೆಳಿಗ್ಗೆ ಏಳಕ್ಕೆ ಕಾಲ್‌ಶೀಟ್, ಅಂದರೆ ಆ ಹೊತ್ತಿಗೆ ಸೆಟ್ಟಿನಲ್ಲಿರಬೇಕು. ಎಂಟೂವರೆವರೆಗೆ ಮೇಕಪ್, ವಸ್ತ್ರ. ಲೈಟಿಂಗ್ ಮುಗಿಯುವುದು ಹತ್ತಕ್ಕೆ. ನಾಯಕಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾರೆ, ಮಗುವಿನ ಮೊದಲ ಶಾಟ್ ಹನ್ನೊಂದಕ್ಕೆ. ಹನ್ನೆರಡಾದಾಗ ಮ್ಯಾನೇಜರ್, ‘ಪಾಪು ಮಾಡಿರೋದು ಒಂದೇ ಗಂಟೆ ಕೆಲಸ, ಮೇಡಂ’ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಐದು ಗಂಟೆ ಅಲ್ಲಿಗೇ ಮುಗಿಯಿತು. ಮೇಕಪ್ ಹಚ್ಚಿಕೊಂಡು, ಆಡಲೂ ಆಗದೆ ಮಲಗಲೂ ಆಗದೆ ಕೂತ ಹೊತ್ತು ದುಡಿಮೆಯಲ್ಲದೆ ಬೇರೇನು? ಕರಾರಿನಲ್ಲಿ ‘ಸೆಟ್ಟಿಗೆ ಬಂದ ಹೊತ್ತಿನಿಂದ’ ಎಂದೇ ಬರೆಸಿಕೊಳ್ಳಿ. ರಾತ್ರಿ ಶೂಟಿಂಗಿನ ಬಗ್ಗೆಯೂ ಬರೆಸಿ. 14 ತುಂಬಿ 18 ಆಗದವರನ್ನು ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಬಾರದೆಂದು ಕಾಯ್ದೆಯಲ್ಲಿದೆ, ಅದಕ್ಕಿಂತ ಚಿಕ್ಕ ಕಲಾವಿದರ ನಿಯಮದಲ್ಲಿ ಆ ಸಾಲೇ ಇಲ್ಲ. ವಿಚಿತ್ರ, ಆದರೆ ಇರುವುದು ಹಾಗೆಯೇ.

ಹಣ. ಸಂಭಾವನೆಯ ಕನಿಷ್ಠ ಶೇ 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ಎಫ್‌ಡಿಗೆ ನೇರವಾಗಿ ಹೋಗಬೇಕು. ‘ನೇರವಾಗಿ’ ಎಂಬುದೇ ಮುಖ್ಯ. ಅಪ್ಪನ ಖಾತೆಗೆ ಪೂರ್ತಿ ಬಂದು, ‘ಆಮೇಲೆ ಇಡೋಣ’ ಎಂದರೆ ನಿಯಮ ಮುರಿದಂತೆ. ಮಿಕ್ಕ ಶೇ 80ರ ಬಗ್ಗೆ ನಿಯಮ ಬಾಯಿ ಬಿಡುವುದಿಲ್ಲ. ಇದು ಇಡೀ ವ್ಯವಸ್ಥೆಯ ದೊಡ್ಡ ತೂತು. ಆದಾಯ ತೆರಿಗೆಯವರು ಮಾತ್ರ ಸ್ಪಷ್ಟವಾಗಿದ್ದಾರೆ: ಸ್ವಂತ ಪ್ರತಿಭೆಯಿಂದ ಗಳಿಸಿದ್ದು ಮಗುವಿನದೇ ಆದಾಯ, ತಂದೆತಾಯಿಯ ಆದಾಯಕ್ಕೆ ಸೇರದು. ಮಗುವಿಗೆ ಬೇರೆ ಪ್ಯಾನ್ ಬೇಕು. ಎಫ್‌ಡಿ ಬಡ್ಡಿ ಮಾತ್ರ ಹೆಚ್ಚು ಆದಾಯವಿರುವ ಪೋಷಕರ ಲೆಕ್ಕಕ್ಕೆ ಬರುತ್ತದೆ.

ಸಿನಿಮಾದವರಿಗೆ ಈ ನಿಯಮಗಳ ಹೆಸರಾದರೂ ಗೊತ್ತು. ಆನ್‌ಲೈನ್ ಅಂಗಡಿಗಳ ಬಟ್ಟೆ ಕ್ಯಾಟಲಾಗ್ ಶೂಟಿಂಗ್ ಮಾಡುವ ಸಣ್ಣ ಸ್ಟುಡಿಯೊಗಳಲ್ಲಿ ಹಲವರಿಗೆ ಅದೂ ಗೊತ್ತಿಲ್ಲ. ಅಲ್ಲಿ ದರ ಉಡುಪಿನ ಲೆಕ್ಕಕ್ಕೆ ಇಳಿದರೆ ಗಂಟೆ ಯಾರಿಗೂ ನೆನಪಿರುವುದಿಲ್ಲ. ಸ್ವೆಟರ್ ಹಾಕು, ಬಿಚ್ಚು, ನಗು, ಇನ್ನೊಂದು ಹಾಕು. ಜಾಹೀರಾತು ಕಾಯ್ದೆಯೊಳಗೆ ಬರುವುದರಿಂದ ಇದಕ್ಕೂ ಅದೇ ಅನುಮತಿ, ಅದೇ ಐದು ಗಂಟೆ ಬೇಕೆಂಬುದು ನನ್ನ ವಾದ. ಮನೆಯಲ್ಲೇ ಅಮ್ಮ ತೆಗೆಯುವ ರೀಲ್ಸ್‌ಗೆ ಬ್ರ್ಯಾಂಡ್ ಹಣ ಕೊಡುತ್ತಿದ್ದರೆ ಅದೂ ಜಾಹೀರಾತೇ. ನಿಷೇಧ ಬೇಡ. ಆದರೆ ‘ಹವ್ಯಾಸ’ ಎಂದು ತೇಲಿಸದೆ ಇದನ್ನು ದುಡಿಮೆ ಎಂದೇ ಎಣಿಸಬೇಕು. ಕಾಯ್ದೆ ಕೂಡ ಕಲಾವಿದರನ್ನು ‘ಹವ್ಯಾಸ ಅಥವಾ ವೃತ್ತಿ’ಯಾಗಿ ಮಾಡುವವರು ಎಂದೇ ಗುರುತಿಸಿದೆ, ಅಂದರೆ ಹವ್ಯಾಸವೆಂದರೂ ಕಾಯ್ದೆಯಿಂದ ಹೊರಗಲ್ಲ.

ಮಗುವಿನ ಇಚ್ಛೆಗೆ ವಿರುದ್ಧವಾಗಿ ಮಾಡಿಸಬಾರದೆಂಬ ನಿಯಮವೂ ಇದೆ. ಅಳುವ ದೃಶ್ಯಕ್ಕೆ ಗದರಿಸಿ ಅಳಿಸುವುದು ಅದರ ನೇರ ಉಲ್ಲಂಘನೆ. ಕಾಯ್ದೆ ಮೀರಿ ದುಡಿಸಿಕೊಂಡವರಿಗೆ 6 ತಿಂಗಳಿಂದ 2 ವರ್ಷ ಸೆರೆ, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಸಾಮಾನ್ಯವಾಗಿ ತಂದೆತಾಯಿಗೆ ಶಿಕ್ಷೆಯಿಲ್ಲ, ವಾಣಿಜ್ಯ ಉದ್ದೇಶಕ್ಕೆ ಮಗುವನ್ನು ಬಿಟ್ಟಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಹಾಗಾಗಿ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಜಿಲ್ಲಾಧಿಕಾರಿಯ ಅನುಮತಿ ಪತ್ರದ ಪ್ರತಿ ಕೇಳಿ, ಅದರಲ್ಲಿ ನಿಮ್ಮ ಮಗುವಿನ ಹೆಸರು ಇದೆಯೇ ನೋಡಿ.