ಅಡುಗೆಮನೆಯ ಸೆಕೆ: ಕಣ್ಣಿಗೆ ಕಾಣದ ನೀರಿನ ಲೆಕ್ಕ

ಶಿರಸಿಯಲ್ಲಿ ಹುಟ್ಟಿ ಬೆಳೆದ ನನಗೆ ಬೇಸಿಗೆ ಎಂದರೆ ಬಿಸಿಲು, ಅಷ್ಟೇ. ಅಂಗಳಕ್ಕೆ ಅಡಿಕೆ ಸೋಗೆಯ ಚಪ್ಪರ ಹಾಕಿದರೆ ಅರ್ಧ ಬೇಸಿಗೆ ಕಳೆದಂತೆ. ಮದುವೆಯಾಗಿ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬಂದ ಮೊದಲ ಏಪ್ರಿಲ್ ತಿಂಗಳಲ್ಲಿ ಸೆಕೆ ಎಂಬ ಮಾತಿನ ನಿಜವಾದ ಅರ್ಥ ತಿಳಿಯಿತು. ಬೆಳಿಗ್ಗೆ ತೊಳೆದ ತಲೆಗೂದಲು ಮಧ್ಯಾಹ್ನವಾದರೂ ಆರಲಿಲ್ಲ. ಒಲೆಯ ಬಳಿ ನೇತುಹಾಕಿದ ಮಸಿಬಟ್ಟೆ ಸಂಜೆಗೂ ಜಿಗುಟು. ಡಬ್ಬಿಯಲ್ಲಿದ್ದ ಉಪ್ಪು ನೀರೊಡೆದಿತ್ತು. "ಇಲ್ಲಿ ಬಿಸಿಲಿಗಿಂತ ಪಸೆಗೆ ಹೆದರಬೇಕು, ತಂಗಿ" ಎಂದು ಅತ್ತೆ ಹೇಳಿದರು. ಆ ಒಂದು ಮಾತಿನಲ್ಲಿ ಕರಾವಳಿಯ ಬೇಸಿಗೆಯ ವಿಜ್ಞಾನವೆಲ್ಲ ಇದೆ ಎಂದು ನನಗೆ ಅರ್ಥವಾಗಲು ಹಲವು ವರ್ಷ ಬೇಕಾದವು.

ನಮ್ಮ ದೇಹ ತಂಪಾಗುವುದು ಬೆವರು ಸುರಿದಾಗ ಅಲ್ಲ, ಬೆವರು ಆರಿದಾಗ. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಅದೇ ಬೆವರು ಬೆನ್ನಿನ ಮೇಲೆ ಹರಿದು ಸೀರೆಯ ನೆರಿಗೆಗೆ ಇಳಿದರೆ ದೇಹದ ನೀರೂ ಉಪ್ಪೂ ಖರ್ಚಾದವೇ ಹೊರತು ತಂಪು ಸಿಗಲಿಲ್ಲ. ಬೆವರು ಆರಬೇಕಾದರೆ ಸುತ್ತಲಿನ ಗಾಳಿಯಲ್ಲಿ ಅದಕ್ಕೆ ಜಾಗವಿರಬೇಕು. ಕರಾವಳಿಯ ಗಾಳಿಯಲ್ಲಿ ಇಲ್ಲದಿರುವುದು ಆ ಜಾಗವೇ.

ಇದನ್ನು ಅಳೆಯಲು ಸರಳ ಉಪಾಯವಿದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ನೀರು ಆರುತ್ತ ಪಾದರಸ ಇಳಿಯುತ್ತದೆ. ಅದು ನಿಲ್ಲುವ ಮಟ್ಟಕ್ಕೆ ಒದ್ದೆ ಬಲ್ಬಿನ ಉಷ್ಣಾಂಶ ಎನ್ನುತ್ತಾರೆ. ಬೆವರಿನಿಂದ ನಾವು ಎಷ್ಟು ತಂಪಾಗಬಹುದು ಎಂಬುದರ ಎಲ್ಲೆ ಅದು. ಕಲಬುರ್ಗಿಯಲ್ಲಿ 41 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದು ಗಾಳಿಯ ತೇವಾಂಶ ಶೇಕಡಾ 20 ಇದ್ದರೆ ಈ ಮಟ್ಟ ಸುಮಾರು 23 ಡಿಗ್ರಿ. ಕಾರವಾರದಲ್ಲಿ ಬರೀ 33 ಡಿಗ್ರಿ, ಆದರೆ ತೇವಾಂಶ ಶೇಕಡಾ 75 ಇದ್ದರೆ ಅದು ಸುಮಾರು 29 ಡಿಗ್ರಿ! ಒದ್ದೆ ಬಲ್ಬು 35 ಡಿಗ್ರಿ ತಲುಪಿದರೆ ಮನುಷ್ಯ ನೆರಳಿನಲ್ಲಿ ಸುಮ್ಮನೆ ಕುಳಿತರೂ ಹೆಚ್ಚು ಹೊತ್ತು ತಾಳಲಾರ ಎಂಬ ಲೆಕ್ಕಾಚಾರ 2010ರಲ್ಲಿ ಪ್ರಕಟವಾಯಿತು. ಮುಂದೆ 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರ ಮೇಲೆ ಪ್ರಯೋಗ ನಡೆಸಿ, ತೇವದ ಗಾಳಿಯಲ್ಲಿ ಒದ್ದೆ ಬಲ್ಬು ಸುಮಾರು 31 ಡಿಗ್ರಿ ತಲುಪಿದಾಗಲೇ ದೇಹದ ಉಷ್ಣ ಹತೋಟಿ ತಪ್ಪತೊಡಗುತ್ತದೆ ಎಂದು ಕಂಡರು. "ನಮ್ಮಲ್ಲಿ ಬರೀ ಮೂವತ್ಮೂರು, ಅದೇನು ಮಹಾ" ಎಂದು ಕರಾವಳಿಯ ಹೆಣ್ಣುಮಕ್ಕಳ ಸುಸ್ತನ್ನು ಯಾರೂ ತಳ್ಳಿಹಾಕಬಾರದು.

ಇನ್ನು ಅಡುಗೆಮನೆಗೆ ಬರೋಣ. ಉದ್ದ, ಅಗಲ, ಎತ್ತರ ಎಲ್ಲವೂ ಹತ್ತು ಅಡಿ ಇರುವ ಒಂದು ಅಡುಗೆಮನೆಯನ್ನು ಇಟ್ಟುಕೊಳ್ಳಿ. 33 ಡಿಗ್ರಿಯಲ್ಲಿ ಆ ಕೋಣೆಯ ಗಾಳಿ ಹೆಚ್ಚೆಂದರೆ ಒಂದು ಲೀಟರ್‌ನಷ್ಟು ನೀರನ್ನು ಆವಿಯ ರೂಪದಲ್ಲಿ ಹಿಡಿದಿಡಬಲ್ಲದು. ತೇವಾಂಶ ಶೇಕಡಾ 75 ಎಂದರೆ ಮುಕ್ಕಾಲು ಲೀಟರ್ ನೀರು ಆಗಲೇ ಅಲ್ಲಿ ತುಂಬಿದೆ. ಉಳಿದ ಜಾಗ ಕಾಲು ಲೀಟರ್ ಮಾತ್ರ. ಬೆಳಗಿನ ಅಡುಗೆ ಶುರುವಾಗುವ ಮೊದಲಿನ ಸ್ಥಿತಿ ಇದು.

ಒಲೆ ಹಚ್ಚಿದಿರಿ. ಅಡುಗೆ ಅನಿಲ ಉರಿದಾಗ ಶಾಖದ ಜೊತೆಗೆ ನೀರೂ ಹುಟ್ಟುತ್ತದೆ ಎಂಬುದು ಬಹಳ ಮಂದಿಗೆ ತಿಳಿಯದು. ಪ್ರೊಪೇನ್, ಬ್ಯುಟೇನ್‌ಗಳಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾವಿಯಾಗುತ್ತದೆ. ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವ ಹೊತ್ತಿಗೆ ಸುಮಾರು 22 ಲೀಟರ್ ನೀರು, ಅಂದರೆ ಒಂದು ದೊಡ್ಡ ಕೊಡಕ್ಕೂ ಮೀರಿದಷ್ಟು, ಉರಿಯಿಂದಲೇ ನಿಮ್ಮ ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಪಾತ್ರೆಯಲ್ಲಿ ಕುದಿದ ನೀರನ್ನು ಇದರಲ್ಲಿ ಸೇರಿಸಿಲ್ಲ. ಬೆಳಗಿನ ಅಡುಗೆಗೆ 150 ಗ್ರಾಂ ಅನಿಲ ಸುಟ್ಟರೂ ಆ ಕಾಲು ಲೀಟರ್ ಜಾಗ ತುಂಬಿಹೋಯಿತು. ಒಲೆಯ ಶಾಖದಿಂದ ಗಾಳಿಯ ಹಿಡಿತ ಸ್ವಲ್ಪ ಹೆಚ್ಚುವುದೂ ನಿಜ, ಆದರೆ ಆ ಶಾಖವನ್ನು ತಾಳಿಕೊಳ್ಳಬೇಕಾದವಳು ನೀವೇ. ಕಿಟಕಿ ಮುಚ್ಚಿಕೊಂಡು ದೋಸೆ ಹೊಯ್ಯುವವಳ ಬೆವರು ಹೋಗಬೇಕಾದದ್ದಾದರೂ ಎಲ್ಲಿಗೆ?

ಆದ್ದರಿಂದ ನನ್ನ ಮೊದಲ ಸಲಹೆ ಪಾತ್ರೆಯ ಮುಚ್ಚಳದ ಬಗ್ಗೆ. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿ ಎಷ್ಟೇ ದೊಡ್ಡದು ಮಾಡಿದರೂ ಅದು 100 ಡಿಗ್ರಿ ದಾಟುವುದಿಲ್ಲ. ಬೇಳೆ ಬೇಗ ಬೇಯುವುದೂ ಇಲ್ಲ. ಹೆಚ್ಚಿನ ಉರಿಯೆಲ್ಲ ನೀರನ್ನು ಆವಿಯಾಗಿಸಿ ನಿಮ್ಮ ಮುಖಕ್ಕೆ ಎರಚುತ್ತದೆ. ಕುದಿ ಬಂದ ಕೂಡಲೇ ಉರಿ ಸಣ್ಣ ಮಾಡಿ, ಮುಚ್ಚಳ ಹಾಕಿ. ಒಂದು ಲೀಟರ್ ನೀರನ್ನು ಸುಮ್ಮನೆ ಹಾರಿಸಲು ಸುಮಾರು 70 ಗ್ರಾಂ ಅನಿಲ ಬೇಕು. ಅದು ಉಳಿಯುವುದು ಬೇರೆ ಲಾಭ.

ಕುಚ್ಚಲಕ್ಕಿ ಗಂಜಿ ಮಾಡುವ ಮನೆಗಳಲ್ಲಿ ಇನ್ನೂ ಒಳ್ಳೆಯ ದಾರಿಯಿದೆ. ರಾತ್ರಿ ನೆನೆಸಿದ ಅಕ್ಕಿಯನ್ನು ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಒಲೆಯಿಂದ ಇಳಿಸಿ, ಹಳೆಯ ಕಂಬಳಿಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಬಿಡಿ. ಒಳಗಿನ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಅಕ್ಕಿ ತನ್ನಷ್ಟಕ್ಕೇ ಬೇಯುತ್ತದೆ. ಪಾತ್ರೆ ತುಂಬಿದಷ್ಟೂ ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆ, ಹಾಗಾಗಿ ಒಂದೆರಡು ಮುಷ್ಟಿ ಅಕ್ಕಿಗೆ ಈ ಉಪಾಯ ಬೇಡ. ಬಿಸಿಯಿರುವಾಗಲೇ ಉಣ್ಣಬೇಕು, ಉಗುರು ಬೆಚ್ಚಗಾಗಿ ಗಂಟೆಗಟ್ಟಲೆ ಇದ್ದ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಎರಡನೆಯ ಮಾತು ಗಾಳಿಯದು. ನೀರಾವಿ ಒಣ ಗಾಳಿಗಿಂತ ಹಗುರ, ಬಿಸಿ ಗಾಳಿಯೂ ಹಗುರ. ಎರಡೂ ಮಾಡಿನ ಕಡೆಗೆ ಏರುತ್ತವೆ. ಹಂಚಿನ ಮನೆಯಲ್ಲಿ ಅವು ಹಂಚಿನ ಸಂದಿನಿಂದ ತಾವೇ ಹೊರಟುಹೋಗುತ್ತಿದ್ದವು. ಆರ್‌ಸಿಸಿ ತಾರಸಿಯ ಕೆಳಗೆ ಆ ದಾರಿ ಮುಚ್ಚಿಹೋಗಿದೆ. ಎಕ್ಸಾಸ್ಟ್ ಫ್ಯಾನನ್ನು ಎತ್ತರದಲ್ಲಿ ಕೂರಿಸುವುದು ಅದಕ್ಕೇ. ಆದರೆ ಎದುರಿನ ಬಾಗಿಲೋ ಕಿಟಕಿಯೋ ತೆರೆದಿರದಿದ್ದರೆ ಅದು ಸದ್ದು ಮಾಡುತ್ತದೆಯೇ ಹೊರತು ಗಾಳಿ ಬದಲಾಯಿಸುವುದಿಲ್ಲ. ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಬೇಕಲ್ಲ.

ಕಾರವಾರದಲ್ಲಿ ಹೊತ್ತೇರಿದಂತೆ ನೆಲ ಸಮುದ್ರಕ್ಕಿಂತ ಬೇಗ ಕಾದು, ಅದರ ಮೇಲಿನ ಗಾಳಿ ಏರಿ, ಕಡಲ ಗಾಳಿ ಪಶ್ಚಿಮದಿಂದ ನುಗ್ಗುತ್ತದೆ. ಬಿಸಿಲು ಬರುತ್ತದೆ ಎಂದು ಪಡುವಣ ಕಿಟಕಿಯನ್ನು ಮುಚ್ಚುವುದು ನಾನೂ ವರ್ಷಗಟ್ಟಲೆ ಮಾಡಿದ ತಪ್ಪು. ಕಿಟಕಿ ತೆರೆದಿರಲಿ, ನೆರಳು ಹೊರಗಿನಿಂದ ಬರಲಿ. ತೆಂಗಿನ ಗರಿಯ ತಟ್ಟಿಯನ್ನು ಕಿಟಕಿಯ ಹೊರಗೆ ಒಂದಡಿ ಬಿಟ್ಟು ಕಟ್ಟಿದರೆ ಸಾಕು. ಒಳಗೆ ಹಾಕಿದ ಪರದೆ ತಡೆಯುವುದು ಆಗಲೇ ಒಳಬಂದ ಬಿಸಿಲನ್ನು. ಅದರ ಶಾಖ ಕೋಣೆಯಲ್ಲೇ ಉಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಕ್ರಮ ಬೇರೆ. ಅಲ್ಲಿ ರಾತ್ರಿ ತಂಪು, ಆದ್ದರಿಂದ ರಾತ್ರಿ ಮತ್ತು ಮುಂಜಾನೆ ಎಲ್ಲ ತೆರೆದು, ಬಿಸಿಲೇರುವ ಮೊದಲು ಮುಚ್ಚುವುದು ಸರಿ. ಅಮ್ಮನ ಮನೆಯ ಪದ್ಧತಿಯನ್ನು ಹಾಗೆಯೇ ಘಟ್ಟದ ಕೆಳಗೆ ತಂದವಳಿಗೆ ಸೆಕೆ ಕಡಿಮೆಯಾಗುವುದು ಹೇಗೆ!

ಇದೇ ಕಾರಣಕ್ಕೆ ಕರಾವಳಿಯಲ್ಲಿ ನೀರು ತುಂಬಿಸುವ ಕೂಲರ್ ಕೊಳ್ಳಬೇಡಿ. ಒಣನಾಡಿನಲ್ಲಿ ವರವಾಗುವ ಯಂತ್ರ ಇಲ್ಲಿ ಆವಿಯನ್ನು ಇನ್ನಷ್ಟು ತುಂಬಿಸುತ್ತದೆ. ಹಗಲು ನಾಲ್ಕು ಸಲ ನೆಲ ಒರೆಸುವುದೂ, ಕೋಣೆಯೊಳಗೆ ಬಟ್ಟೆ ಒಣಹಾಕುವುದೂ ಹಾಗೆಯೇ. ಸೀಲಿಂಗ್ ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಗೆ ಅಂಟಿದ ತೇವದ ಗಾಳಿಯನ್ನು ಸರಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದರಿಂದ ಪ್ರಯೋಜನವಿಲ್ಲ.

ಮೈಯ ವಿಚಾರ. ಬೆವರುಸಾಲೆ ಏಳುವುದು ಬೆವರಿನ ನಾಳದ ಬಾಯಿ ಕಟ್ಟಿಕೊಂಡಾಗ. ಅದರ ಮೇಲೆ ದಪ್ಪಗೆ ಪೌಡರ್ ಹಚ್ಚುವುದಕ್ಕಿಂತ ತಣ್ಣೀರು ಸ್ನಾನ ಮಾಡಿ, ಫ್ಯಾನಿನ ಕೆಳಗೆ ಮೈ ಪೂರ್ತಿ ಆರಿದ ಮೇಲೆ ಸಡಿಲ ಹತ್ತಿ ಬಟ್ಟೆ ತೊಡುವುದು ಮೇಲು. ನೂರು ಗ್ರಾಂ ಹತ್ತಿಯ ನೂಲು ಸಾಧಾರಣ ಗಾಳಿಯಿಂದಲೇ ಏಳೆಂಟು ಗ್ರಾಂ ನೀರು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಪಾಲಿಯೆಸ್ಟರ್ ನೈಟಿಯನ್ನು ಅಡುಗೆಮನೆಗೆ ತೊಡುವುದು ಉರಿಯ ದೃಷ್ಟಿಯಿಂದಲೂ ಒಳ್ಳೆಯದಲ್ಲ. ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಸೊಂಟದ ಪಟ್ಟಿಯ ಜಾಗದಲ್ಲಿ, ಎದೆಯ ಕೆಳಗೆ ಉಂಗುರದಂತೆ ತುರಿಕೆ ಹಬ್ಬಿದರೆ ಅದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ಔಷಧದ ಅಂಗಡಿಯಲ್ಲಿ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ನಾಲ್ಕು ದಿನ ತಗ್ಗಿ, ಸೋಂಕು ಮಾತ್ರ ಒಳಗೊಳಗೇ ಹರಡುತ್ತದೆ. ಸಂಕೋಚ ಬಿಟ್ಟು ವೈದ್ಯರಿಗೆ ತೋರಿಸಿ.

ಒಂದು ಲೀಟರ್ ಬೆವರಿನೊಡನೆ ಎರಡು ಮೂರು ಗ್ರಾಂ ಉಪ್ಪು ಹೋಗಬಹುದು. ಅದನ್ನು ತುಂಬಿಕೊಳ್ಳುವ ದಾರಿಯನ್ನು ನಮ್ಮ ಅಡುಗೆಮನೆಗಳು ಎಂದೋ ಕಂಡುಕೊಂಡಿವೆ. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಅಸಂಖ್ಯ ಜೀವ ಉಳಿಸಿದರು. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಉಪ್ಪು ಹಾಕಿದ ಗಂಜಿ ತೆಳಿಯಲ್ಲಿ ನಡೆಯುವುದೂ ಅದೇ, ಅಕ್ಕಿಯ ಪಿಷ್ಟವೇ ಕರುಳಿನಲ್ಲಿ ಗ್ಲೂಕೋಸ್ ಆಗುತ್ತದೆ. ಊಟದಲ್ಲಿ ಅಪ್ಪೆಹುಳಿಯನ್ನು ಲೋಟಕ್ಕೆ ಹೊಯ್ದು ಕುಡಿಯುವ ನಮ್ಮ ರೂಢಿ ಬೇಸಿಗೆಗೆ ಹೇಳಿ ಮಾಡಿಸಿದ್ದು. ನೀರುಮಜ್ಜಿಗೆ, ಒಂದೆಲಗದ ತಂಬುಳಿ, ಮುರುಗಲಿನ ಪಾನಕ ಯಾವುದಾದರೂ ಸರಿ. ರಕ್ತದೊತ್ತಡ ಇರುವವರು ಹೆಚ್ಚುವರಿ ಉಪ್ಪು ಹಾಕಿಕೊಳ್ಳಬಾರದು.

ಆದರೆ ಕುಡಿಯುವವರು ಯಾರು? ಎಲ್ಲರಿಗೂ ಮಜ್ಜಿಗೆ ಕೊಟ್ಟು ತಾನು ಪಾತ್ರೆ ತೊಳೆಯಲು ಕೂರುವವಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೆಂಟರ ಮನೆಯಲ್ಲಿ, ಬಸ್ಸಿನಲ್ಲಿ, ಜಾತ್ರೆಯಲ್ಲಿ ಮೂತ್ರಕ್ಕೆ ಹೋಗಲು ಜಾಗವಿಲ್ಲವೆಂದು ಹೆಣ್ಣುಮಕ್ಕಳು ನೀರನ್ನೇ ಬಿಡುತ್ತಾರೆ. ಉರಿಮೂತ್ರ, ಕಲ್ಲು ಶುರುವಾಗಲು ಇದೊಂದು ಕಾರಣ. ಮೂತ್ರ ತಿಳಿಹಳದಿ ಇದ್ದರೆ ನೀರು ಸಾಕಾಗಿದೆ, ಗಾಢವಾದರೆ ಸಾಲದು. ಒಲೆಯ ಮುಂದೆ ತಲೆ ಸುತ್ತಿ, ಕಾಲು ಸೆಟೆದುಕೊಂಡರೆ ಉರಿ ಆರಿಸಿ ಗಾಳಿಗೆ ಹೋಗಿ ಮಲಗಿ. ಮಾತು ತೊದಲಿದರೆ, ಮೈ ಸುಡುತ್ತಿದ್ದರೆ, ಗೊಂದಲ ಕಂಡರೆ ಮನೆಯವರು ಮೈಗೆ ನೀರು ಸುರಿದು, ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು.

ಮನೆಯ ಒಪ್ಪಓರಣಕ್ಕೂ ಅತ್ತೆಯ ಪಸೆಯ ಸೂತ್ರವೇ ಸಾಕು. ಹಲಸಿನ ಹಪ್ಪಳ ಒಣಗುವಾಗ ಮೊದಲ ದಿನ ಮೇಲ್ಮೈಯ ನೀರು ಹೋಗುತ್ತದೆ, ಅದಕ್ಕೆ ಬಿಸಿಲಿಗಿಂತ ಗಾಳಿ ಮುಖ್ಯ. ಒಳಗಿನ ನೀರು ನಿಧಾನವಾಗಿ ಮೇಲೆ ಬರಬೇಕಾದದ್ದರಿಂದಲೇ ಇನ್ನೂ ಒಂದೆರಡು ದಿನ ಬೇಕು. ಸಂಜೆ ಒಳಗೆ ತರದಿದ್ದರೆ ರಾತ್ರಿಯ ತೇವವನ್ನು ಅದು ಮತ್ತೆ ಕುಡಿಯುತ್ತದೆ. ಬಿಸಿಲಿನಿಂದ ತಂದ ಕೂಡಲೇ ಡಬ್ಬಿಗೆ ತುಂಬಬೇಡಿ: ಬಿಸಿ ಹಪ್ಪಳದಿಂದ ಹೊರಟ ಆವಿ ಡಬ್ಬಿ ತಣಿದಾಗ ಒಳಗೋಡೆಯಲ್ಲಿ ಹನಿಯಾಗಿ ಕೂರುತ್ತದೆ, ಜುಲೈಯಲ್ಲಿ ಬೂಸಲು ಏಳುವುದು ಅಲ್ಲಿಂದಲೇ. ನೆರಳಿನಲ್ಲಿ ಆರಿಸಿ, ಆ ದಿನವೇ ಬಿಗಿಯಾಗಿ ಮುಚ್ಚಿ.

ಕಪಾಟಿಗೂ ಇದೇ ನಿಯಮ. ಜೂನ್ ಮಳೆ ಹಿಡಿಯುವ ಮೊದಲು, ಬಿಸಿಲಿರುವ ಒಂದು ಮಧ್ಯಾಹ್ನ ಸೀರೆ, ಪುಸ್ತಕಗಳನ್ನು ಗಾಳಿಗೆ ಹರವಿ, ತಣಿದ ಮೇಲೆ ಒಳಗಿಡಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ, ಇಲ್ಲದಿದ್ದರೆ ಅದರ ಬೆನ್ನಿಗೆ ಗಾಳಿಯಾಡದೆ ಗೋಡೆಯಲ್ಲಿ ಬೂಸಲು ಹಿಡಿಯುತ್ತದೆ. ಡಾಂಬರು ಗುಳಿಗೆ ಹಾಕಿಟ್ಟ ಬಟ್ಟೆಯನ್ನು ತೊಳೆದು ಬಿಸಿಲಿಗೆ ಹಾಕದೆ ಹಸುಗೂಸಿಗೆ ಹೊದಿಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳ ಕೆಂಪು ರಕ್ತಕಣಗಳನ್ನು ಆ ಗುಳಿಗೆಯ ಆವಿ ಒಡೆಯುತ್ತದೆ.

ನಿಮ್ಮ ಅಡುಗೆಮನೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಡ. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಮಸಿಬಟ್ಟೆಯನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಒಲೆಯಿಂದ ದೂರ ನೇತುಹಾಕಿ. ನಮ್ಮ ಮನೆಯಲ್ಲಿ ಮೊದಲು ಅದು ಸಂಜೆಯವರೆಗೂ ಹಸಿಯಾಗಿರುತ್ತಿತ್ತು. ಪಡುವಣ ಕಿಟಕಿ ತೆರೆದು ತಟ್ಟಿ ಕಟ್ಟಿದ ಮೇಲೆ, ಗಂಜಿಯನ್ನು ಕಂಬಳಿಗೆ ಒಪ್ಪಿಸಿದ ಮೇಲೆ, ಈ ಏಪ್ರಿಲ್‌ನಲ್ಲಿ ಎರಡು ಗಂಟೆಗೆಲ್ಲ ಗರಿಗರಿಯಾಗಿತ್ತು. ಆ ಹೊತ್ತಿಗೆ ನನ್ನ ತಲೆಗೂದಲೂ ಆರಿತ್ತು.