ನಮಗಿರೋದು ಗಂಡು ಮಗ, ನಮಗೇನು ಭಯ?

ಪ್ರಶ್ನೆ: ಮಗನಿಗೆ ಹದಿನೈದು ವರ್ಷ. ಯಾವಾಗಲೂ ಗೇಮ್, ಇನ್‌ಸ್ಟಾಗ್ರಾಂ. ಹೆಣ್ಣುಮಕ್ಕಳಾದರೆ ಹೆದರಬೇಕು. ಹುಡುಗರಿಗೆ ಏನಾಗುತ್ತೆ, ಅಲ್ವಾ?

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಹುಡುಗಿಯರಿಗೆ ಅಪಾಯ ಇದ್ದೇ ಇದೆ. ಆದರೆ ಫೋಟೊ ಇಟ್ಟುಕೊಂಡು ದುಡ್ಡು ಕೀಳುವ ಬ್ಲ್ಯಾಕ್‌ಮೇಲ್‌ಗೆ ಸಿಕ್ಕಿಬೀಳುವವರಲ್ಲಿ ಹುಡುಗರೇ ಜಾಸ್ತಿ. ಅಮೆರಿಕದ ಎಫ್‌ಬಿಐ 14ರಿಂದ 17 ವರ್ಷದ ಹುಡುಗರ ಬಗ್ಗೆಯೇ ಎಚ್ಚರಿಸಿದೆ.

ನಡೆಯುವುದು ಹೀಗೆ. ಅವನದೇ ವಯಸ್ಸಿನ ಹುಡುಗಿಯ ಅಕೌಂಟ್‌ನಿಂದ ಮೆಸೇಜ್ ಬರುತ್ತದೆ. ಅವನ ನಾಲ್ಕೈದು ಗೆಳೆಯರು ಆಗಲೇ ಅವಳ ಲಿಸ್ಟ್‌ನಲ್ಲಿ ಇರುತ್ತಾರೆ. ಹಾಗಾಗಿ ಗುರುತಿಲ್ಲದವಳು ಅನ್ನಿಸುವುದೇ ಇಲ್ಲ. ಮಾತು ಇನ್ನೊಂದು ಆ್ಯಪ್‌ಗೆ ಹೋಗುತ್ತದೆ. ಮೊದಲು ಅವಳೇ ಫೋಟೊ ಕಳಿಸುತ್ತಾಳೆ, ಆಮೇಲೆ ನಿನ್ನದು ಕಳಿಸು ಅನ್ನುತ್ತಾಳೆ. ಇವನು ಕಳಿಸಿದ ಸ್ವಲ್ಪ ಹೊತ್ತಿಗೇ ಧಾಟಿ ಬದಲು. ಇವನ ಫಾಲೋವರ್‌ಗಳ ಸ್ಕ್ರೀನ್‌ಶಾಟ್ ಬರುತ್ತದೆ. ಅದರಲ್ಲಿ ಅಮ್ಮನ ಹೆಸರೂ ಇರುತ್ತದೆ. ದುಡ್ಡು ಹಾಕು, ಇಲ್ಲಾಂದ್ರೆ ಎಲ್ಲರಿಗೂ ಕಳಿಸ್ತೀನಿ. ಆ ಕಡೆ ಕೂತಿರುವುದು ಹುಡುಗಿಯಲ್ಲ, ಇದನ್ನೇ ದಂಧೆ ಮಾಡಿಕೊಂಡವರು. ಫೋಟೊ ಕಳಿಸದ ಹುಡುಗರನ್ನೂ ಬಿಡುವುದಿಲ್ಲ. ಎಐ ಬಳಸಿ ಮುಖವನ್ನು ಬೇರೆ ಮೈಗೆ ಅಂಟಿಸಿ ಹೆದರಿಸುತ್ತಾರೆ.

‘ಹುಡುಗರಿಗೆ ಏನಾಗುತ್ತೆ’ ಅನ್ನುವ ನಿಮ್ಮ ಮಾತು ಮಗನ ಕಿವಿಗೂ ಬಿದ್ದಿರುತ್ತದೆ. ಅದಕ್ಕೇ ಅವನು ಬಾಯಿ ಬಿಡುವುದಿಲ್ಲ, ಒಬ್ಬನೇ ಒದ್ದಾಡುತ್ತಾನೆ. ಈ ಒದ್ದಾಟದಲ್ಲಿ ಪ್ರಾಣ ಕಳೆದುಕೊಂಡ ಹುಡುಗರಿದ್ದಾರೆ. ಸುಮ್ನೆ ಸಿಟ್ಟು ಮಾಡಿಕೊಳ್ಳುತ್ತಿಲ್ಲ ನಾನು.

ಮಗ ಬಂದು ಹೇಳಿಕೊಂಡರೆ ಬಯ್ಯಬೇಡಿ. ದುಡ್ಡು ಕಳಿಸಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ. ಆ ಅಕೌಂಟ್‌ನ ಹೆಸರು, ಬೆದರಿಕೆಯ ಮೆಸೇಜ್ ಪೊಲೀಸರಿಗೆ ಬೇಕು. ಅವನ್ನು ಉಳಿಸಿಕೊಂಡು ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳಲೇಬೇಕು. ಕೈತಪ್ಪಿ ಹೋದ ಫೋಟೊ ಮತ್ತೆ ಸಿಗುವುದಿಲ್ಲ ಅಂತ ಎಷ್ಟೋ ಜನ ಕೈಚೆಲ್ಲುತ್ತಾರೆ. ‘ಟೇಕ್ ಇಟ್ ಡೌನ್’ ಅಂತ ಒಂದು ಉಚಿತ ಸೇವೆ ಇದೆ. ಕಾಣೆಯಾದ, ಶೋಷಣೆಗೆ ಸಿಕ್ಕಿದ ಮಕ್ಕಳಿಗಾಗಿ ಇರುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ 2023ರಲ್ಲಿ ಶುರು ಮಾಡಿದ್ದು. 18 ತುಂಬುವ ಮೊದಲು ತೆಗೆದ ಫೋಟೊಗಳಿಗೆ ಇದು. ಹೆಸರು ಕೊಡಬೇಕಿಲ್ಲ, ಫೋಟೊವನ್ನೂ ಯಾರಿಗೂ ತೋರಿಸಬೇಕಿಲ್ಲ. ನಿಮ್ಮ ಫೋನಿನಲ್ಲೇ ಆ ಫೋಟೊದಿಂದ ಬೆರಳಚ್ಚಿನಂಥ ಒಂದು ಕೋಡ್ ತಯಾರಾಗುತ್ತದೆ, ಅದರ ಹೆಸರು ಹ್ಯಾಶ್. ಆಚೆ ಹೋಗುವುದು ಅಷ್ಟೇ. ಇದರಲ್ಲಿ ಸೇರಿರುವ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದವು ಆ ಹ್ಯಾಶ್‌ಗೆ ಹೊಂದುವ ಫೋಟೊ ಹುಡುಕಿ ತೆಗೆಯುತ್ತವೆ. ಎನ್‌ಕ್ರಿಪ್ಟ್ ಆದ, ಅಂದರೆ ಮಾತಾಡುವವರನ್ನು ಬಿಟ್ಟು ಬೇರೆ ಯಾರೂ ನೋಡಲಾಗದ ಖಾಸಗಿ ಚಾಟ್‌ನೊಳಗೆ ಮಾತ್ರ ಇದು ನಡೆಯುವುದಿಲ್ಲ. ಹ್ಯಾಶ್ ಮಾಡಲು ಮೂಲ ಫೋಟೊ ಬೇಕು. ಗಾಬರಿಯಲ್ಲಿ ಮಗ ಅದನ್ನು ಡಿಲೀಟ್ ಮಾಡುವ ಮೊದಲೇ ಈ ಕೆಲಸ ಮುಗಿಸಿ.