ಕ್ರಿಸ್ಟೊಫರ್ ಕ್ರಾಸ್ ಅವರ ಧ್ವನಿಮುದ್ರಿಕೆಗಳು: ಒಂದು ಅಧ್ಯಯನ ಟಿಪ್ಪಣಿ

ಮೆಲುದನಿಯ ರಾಕ್ ಸಂಗೀತವಾದ ಸಾಫ್ಟ್ ರಾಕ್ ಪ್ರಕಾರವನ್ನು ಅಭ್ಯಾಸ ಮಾಡುವವರಿಗೆ ಅಮೆರಿಕದ ಗಾಯಕ, ಗೀತರಚನಕಾರ ಕ್ರಿಸ್ಟೊಫರ್ ಕ್ರಾಸ್ ಅವರ ಧ್ವನಿಮುದ್ರಿಕೆಗಳು ಬಹಳ ಉಪಯುಕ್ತವಾದ ಸಾಮಗ್ರಿ. ಅವರ ಏಳ್ಗೆ ಮತ್ತು ಇಳಿತ ಎರಡೂ 1979ರ ಕೊನೆಯಿಂದ 1985ರವರೆಗಿನ ಮೂರೇ ಆಲ್ಬಂಗಳಲ್ಲಿ ಅಡಕವಾಗಿರುವುದರಿಂದ, ಕಾರಣಗಳನ್ನು ಹುಡುಕುವುದು ಸುಲಭ. ಅವರ ಇಳಿತಕ್ಕೆ ಸಂಗೀತ ವಿಡಿಯೋಗಳ ಟಿವಿ ವಾಹಿನಿಯಾದ ಎಂಟಿವಿಯೇ ಕಾರಣ, ದೃಶ್ಯಮಾಧ್ಯಮಕ್ಕೆ ಒಗ್ಗುವ ರೂಪ ಅವರಿಗೆ ಇರಲಿಲ್ಲ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಮಾತು ಪೂರ್ತಿ ಸುಳ್ಳಲ್ಲದಿದ್ದರೂ ತಾರೀಖುಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದು ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ 1951ರಲ್ಲಿ ಹುಟ್ಟಿದ ಅವರ ಮೂಲ ಹೆಸರು ಕ್ರಿಸ್ಟೊಫರ್ ಗೆಪರ್ಟ್. ಅವರು ಮೊದಲಿಗೆ ಗಿಟಾರ್ ವಾದಕರು ಎಂಬುದನ್ನು ನಾವು ಮರೆಯುತ್ತೇವೆ. 1970ರಲ್ಲಿ ಸ್ಯಾನ್ ಆಂಟೋನಿಯೊಗೆ ಬಂದಿದ್ದ ಡೀಪ್ ಪರ್ಪಲ್ ತಂಡದ ಗಿಟಾರ್ ವಾದಕ ರಿಚೀ ಬ್ಲ್ಯಾಕ್‌ಮೋರ್ ಅನಾರೋಗ್ಯದಿಂದ ವೇದಿಕೆ ಏರಲಾಗದಿದ್ದಾಗ, ಅವರ ಜಾಗದಲ್ಲಿ ಅಂದು ನುಡಿಸಿದ್ದು ಇದೇ ಕ್ರಾಸ್. ಅಬ್ಬರದ ರಾಕ್ ಅವರಿಗೆ ಬರುತ್ತಿರಲಿಲ್ಲವೆಂದಲ್ಲ, ಅವರ ಕಂಠ ಬೇಡುತ್ತಿದ್ದುದು ಬೇರೆ. ಮೇಲಿನ ಸ್ಥಾಯಿಯಲ್ಲಿ ತೆಳುವಾಗಿ, ಒತ್ತಡವಿಲ್ಲದೆ ನಿಲ್ಲುವ ಆ ಕಂಠವೇ ಮುಂದಿನ ಎಲ್ಲ ಚರ್ಚೆಗೂ ಆಧಾರ.

ವಾರ್ನರ್ ಬ್ರದರ್ಸ್ ಸಂಸ್ಥೆ 1979ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ, ಅವರ ಹೆಸರನ್ನೇ ಹೊತ್ತ ಮೊದಲ ಆಲ್ಬಮಿನ ನಿರ್ಮಾಪಕರು ಮೈಕೆಲ್ ಒಮಾರ್ಟಿಯನ್. ಇದು ತ್ರೀಎಂ ಕಂಪನಿಯ ಡಿಜಿಟಲ್ ಯಂತ್ರವನ್ನು ಬಳಸಿ ಧ್ವನಿಮುದ್ರಿಸಿದ ಆರಂಭಕಾಲದ ಆಲ್ಬಂಗಳಲ್ಲಿ ಒಂದು. ಒಂದು ಅಂಗುಲ ಅಗಲದ ಟೇಪಿನ ಮೇಲೆ 32 ಟ್ರ್ಯಾಕುಗಳನ್ನು ಅಂಕಿಗಳ ರೂಪದಲ್ಲಿ ದಾಖಲಿಸುತ್ತಿದ್ದ ಈ ಯಂತ್ರದಲ್ಲಿ, ಅನಲಾಗ್ ಟೇಪಿಗೆ ಸಹಜವಾದ ಹಿಸ್ ಸದ್ದು ಇರುತ್ತಿರಲಿಲ್ಲ. ಅಬ್ಬರದ ಸಂಗೀತದಲ್ಲಿ ಆ ಸದ್ದು ಮುಚ್ಚಿಹೋಗುತ್ತದೆ. ಮೆಲುದನಿಯ ಹಾಡಿನಲ್ಲಿ ಮಾತ್ರ ವಾದ್ಯಗಳ ನಡುವಿನ ಮೌನವೂ ಕಿವಿಗೆ ಬೀಳುವುದರಿಂದ, ಈ ತಂತ್ರಜ್ಞಾನದ ಪ್ರಯೋಜನ ಹೆಚ್ಚಾಗಿ ದಕ್ಕಿದ್ದು ಇಂಥ ಸಂಗೀತಕ್ಕೇ.

‘ರೈಡ್ ಲೈಕ್ ದಿ ವಿಂಡ್’ ಹಾಡನ್ನು ಸ್ವಲ್ಪ ಹತ್ತಿರದಿಂದ ಕೇಳೋಣ. ಗಲ್ಲಿಗೆ ಗುರಿಯಾದ ಅಪರಾಧಿಯೊಬ್ಬ ಮೆಕ್ಸಿಕೊ ಗಡಿಯತ್ತ ಓಡುವುದು ಅದರ ವಸ್ತು. ವಸ್ತು ಉಗ್ರ, ಆದರೆ ಅದನ್ನು ಹೇಳುವ ದನಿ ಮೃದು. ಈ ಕೊರತೆಯನ್ನು ತುಂಬುವುದು ಹಿನ್ನೆಲೆಯಲ್ಲಿರುವ ಡೂಬಿ ಬ್ರದರ್ಸ್ ತಂಡದ ಮೈಕೆಲ್ ಮೆಕ್‌ಡೊನಾಲ್ಡ್ ಅವರ ಗಡಸು ಕಂಠ. ಕ್ರಾಸ್ ಒಂದು ಸಾಲು ಹಾಡಿದೊಡನೆ ಮೆಕ್‌ಡೊನಾಲ್ಡ್ ಚಿಕ್ಕದೊಂದು ಉತ್ತರ ಕೊಡುತ್ತಾರೆ. ಆ ಉತ್ತರವನ್ನು ತೆಗೆದುಹಾಕಿದರೆ ಓಟದ ಆತುರವೇ ಇಲ್ಲವಾಗುತ್ತದೆ. ಕೊನೆಗೆ ಬರುವ ಗಿಟಾರ್ ಆಲಾಪ ಕ್ರಾಸ್ ಅವರದೇ, ಅದು ಮುಗಿಯುವ ಮೊದಲೇ ಹಾಡು ಮಾಸುತ್ತಾ ಹೋಗುವುದು ಗಿಟಾರ್ ಪ್ರಿಯರಿಗೆ ಇಂದಿಗೂ ಕೊಂಚ ಬೇಸರದ ಸಂಗತಿ. ಈ ಹಾಡು 1980ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿಯ ಎರಡನೆಯ ಸ್ಥಾನದಲ್ಲಿ ನಾಲ್ಕು ವಾರ ನಿಂತಿತು. ಅದೇ ವರ್ಷದ ಆಗಸ್ಟಿನಲ್ಲಿ ‘ಸೇಲಿಂಗ್’ ಮೊದಲ ಸ್ಥಾನಕ್ಕೇರಿತು.

1981ರ ಗ್ರ್ಯಾಮಿ ಸಮಾರಂಭದಲ್ಲಿ ಕ್ರಾಸ್ ಅವರಿಗೆ ಐದು ಪ್ರಶಸ್ತಿಗಳು ಬಂದವು. ಪರೀಕ್ಷೆಯ ದೃಷ್ಟಿಯಿಂದ ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು: ‘ವರ್ಷದ ರೆಕಾರ್ಡ್’ ಪ್ರಶಸ್ತಿ ಒಂದು ನಿರ್ದಿಷ್ಟ ಧ್ವನಿಮುದ್ರಣಕ್ಕೆ, ಅಂದರೆ ಗಾಯಕರು, ನಿರ್ಮಾಪಕರು ಮೊದಲಾದವರಿಗೆ ಸಲ್ಲುತ್ತದೆ, ‘ವರ್ಷದ ಗೀತೆ’ ಪ್ರಶಸ್ತಿ ರಚನೆಗೆ, ಅಂದರೆ ಬರೆದವರಿಗೆ ಸಲ್ಲುತ್ತದೆ. ‘ಸೇಲಿಂಗ್’ ಎರಡನ್ನೂ ಪಡೆಯಿತು, ಅದರ ವಾದ್ಯಸಂಯೋಜನೆಗೂ ಪ್ರಶಸ್ತಿ ಬಂದಿತು. ಇವುಗಳೊಂದಿಗೆ ವರ್ಷದ ಆಲ್ಬಂ ಮತ್ತು ಹೊಸ ಕಲಾವಿದ ಪ್ರಶಸ್ತಿಗಳೂ ಸೇರಿ, ನಾಲ್ಕು ಪ್ರಧಾನ ವಿಭಾಗಗಳನ್ನು ಒಂದೇ ರಾತ್ರಿ ಗೆದ್ದ ಮೊದಲಿಗರು ಅವರಾದರು. 2020ರಲ್ಲಿ ಬಿಲೀ ಐಲಿಶ್ ಗೆಲ್ಲುವವರೆಗೆ ಈ ದಾಖಲೆಯನ್ನು ಬೇರೆ ಯಾರೂ ಸರಿಗಟ್ಟಲಿಲ್ಲ. ವರ್ಷದ ಆಲ್ಬಂ ವಿಭಾಗದಲ್ಲಿ ಅವರ ಎದುರು ಪಿಂಕ್ ಫ್ಲಾಯ್ಡ್ ತಂಡದ ‘ದಿ ವಾಲ್’ ಇತ್ತು. ಆ ತೀರ್ಪನ್ನು ಹಲವರು ಇಂದಿಗೂ ಒಪ್ಪುವುದಿಲ್ಲ. ಸ್ಟುಡಿಯೋ ಕುಶಲತೆಯೊಂದನ್ನೇ ತೂಗಿದರೆ ಅದನ್ನು ಅನ್ಯಾಯವೆನ್ನಲಾಗದು ಎಂದಷ್ಟೇ ಹೇಳಬಲ್ಲೆ.

ಈಗ ತಾರೀಖುಗಳಿಗೆ ಬರೋಣ. ಎಂಟಿವಿ ಆರಂಭವಾದದ್ದು 1981ರ ಆಗಸ್ಟ್ 1ರಂದು. ಬರ್ಟ್ ಬ್ಯಾಕರ‍್ಯಾಕ್, ಕ್ಯಾರೊಲ್ ಬೇಯರ್ ಸೇಗರ್ ಮತ್ತು ಪೀಟರ್ ಆಲೆನ್ ಜೊತೆಗೂಡಿ ಕ್ರಾಸ್ ರಚಿಸಿದ ‘ಆರ್ಥರ್’ ಚಲನಚಿತ್ರದ ಹಾಡು ‘ಆರ್ಥರ್ಸ್ ಥೀಮ್’ ಮೊದಲ ಸ್ಥಾನಕ್ಕೇರಿದ್ದು ಅದಾದ ಮೇಲೆ, ಅಕ್ಟೋಬರಿನಲ್ಲಿ. ಅದಕ್ಕೆ ಆಸ್ಕರ್ ಪ್ರಶಸ್ತಿಯೂ ದೊರೆಯಿತು. 1983ರ ಎರಡನೆಯ ಆಲ್ಬಂ ‘ಅನದರ್ ಪೇಜ್’ ಮೊದಲಿನಷ್ಟು ಮಾರಾಟವಾಗದಿದ್ದರೂ ಅದರ ‘ಆಲ್ ರೈಟ್’ ಹನ್ನೆರಡನೆಯ ಸ್ಥಾನದವರೆಗೂ, ‘ಥಿಂಕ್ ಆಫ್ ಲಾರಾ’ 1984ರ ಆರಂಭದಲ್ಲಿ ಒಂಬತ್ತನೆಯ ಸ್ಥಾನದವರೆಗೂ ಹೋದವು. ಎರಡನೆಯ ಹಾಡು ಅಕಾಲ ಮರಣಕ್ಕೀಡಾದ ಯುವತಿಯೊಬ್ಬಳ ನೆನಪಿಗೆ ಬರೆದದ್ದು. ಎಬಿಸಿ ವಾಹಿನಿಯ ‘ಜನರಲ್ ಹಾಸ್ಪಿಟಲ್’ ಧಾರಾವಾಹಿಯಲ್ಲಿ ಬಳಸಿದ್ದರಿಂದ ವೀಕ್ಷಕರು ಅದನ್ನು ಅಲ್ಲಿನ ಲಾರಾ ಪಾತ್ರಕ್ಕೆ ಹೊಂದಿಸಿಕೊಂಡರು. ದೃಶ್ಯಮಾಧ್ಯಮವೇ ಶತ್ರುವಾಗಿದ್ದಿದ್ದರೆ ಟಿವಿಯಿಂದಲೇ ಇವರ ಹಾಡು ಮೇಲೇರಿದ್ದನ್ನು ಹೇಗೆ ವಿವರಿಸುವುದು?

ನಿಜವಾದ ಕುಸಿತ 1985ರದು. ‘ಎವ್ರಿ ಟರ್ನ್ ಆಫ್ ದಿ ವರ್ಲ್ಡ್’ ಆಲ್ಬಂ ಬಿಲ್‌ಬೋರ್ಡಿನ ಮೊದಲ ನೂರರೊಳಗೂ ಬರಲಿಲ್ಲ. ಅದರ ‘ಚಾರ್ಮ್ ದಿ ಸ್ನೇಕ್’ ಸಿಂಗಲ್ 68ರಲ್ಲೇ ನಿಂತಿತು. ನಿರ್ಮಾಪಕರು ಆಗಲೂ ಒಮಾರ್ಟಿಯನ್ ಅವರೇ, ಬದಲಾದದ್ದು ಶೈಲಿ. ಕಾಲದ ಗತಿಗೆ ಹೊಂದಿಕೊಳ್ಳಲೆಂದು ತಾಳವಾದ್ಯವನ್ನು ಬಿರುಸಾಗಿಸಿ, ಸಿಂಥಸೈಜರ್ ಮತ್ತು ಗಿಟಾರುಗಳನ್ನು ಮುಂದೆ ತಂದಾಗ, ಮೊದಲ ಆಲ್ಬಮಿನಲ್ಲಿ ಸುತ್ತಲಿನ ಖಾಲಿ ಜಾಗದಿಂದಲೇ ಎದ್ದು ಕಾಣುತ್ತಿದ್ದ ಕಂಠ ವಾದ್ಯಗಳೊಡನೆ ಪೈಪೋಟಿಗೆ ಇಳಿಯಬೇಕಾಯಿತು. ಎಂಟಿವಿಯ ಪ್ರಭಾವವನ್ನು ನಾನು ಇಲ್ಲಿ ಗುರುತಿಸುತ್ತೇನೆ: ಅದು ಕ್ರಾಸ್ ಅವರನ್ನು ನೇರವಾಗಿ ಹೊರದಬ್ಬಿತು ಎನ್ನುವುದಕ್ಕಿಂತ, ಅದು ಬೆಳೆಸಿದ ಅಭಿರುಚಿಯನ್ನು ಹಿಂಬಾಲಿಸಲು ಹೋಗಿ ಅವರು ತಮ್ಮ ಬಲವನ್ನು ಬಿಟ್ಟುಕೊಟ್ಟರು ಎನ್ನುವುದು ಹೆಚ್ಚು ಸರಿ.

1988ರ ‘ಬ್ಯಾಕ್ ಆಫ್ ಮೈ ಮೈಂಡ್’ ನಂತರ ವಾರ್ನರ್ ನಂಟು ಮುಗಿಯಿತು. ‘ರಾಂಡೇವೂ’ದಿಂದ ಮೊದಲ್ಗೊಂಡು ‘ಡಾಕ್ಟರ್ ಫೇತ್’ ಮುಂತಾದ ನಂತರದ ಆಲ್ಬಂಗಳು ಸಣ್ಣ ಶ್ರೋತೃವರ್ಗವನ್ನಷ್ಟೇ ತಲುಪಿದವು. 2005ರಲ್ಲಿ ಅಂತರ್ಜಾಲದ ಹಾಸ್ಯ ಸರಣಿಯೊಂದು ಈ ಬಗೆಯ ಸಂಗೀತಕ್ಕೆ ‘ಯಾಟ್ ರಾಕ್’ ಎಂದು ಹೆಸರಿಟ್ಟದ್ದರಿಂದ ಹೊಸ ಪೀಳಿಗೆಯ ಕೇಳುಗರು ಬಂದದ್ದು ನಿಜ, ಆದರೆ ಅವರ ಕುತೂಹಲ ಬಹುಮಟ್ಟಿಗೆ ಮೊದಲ ಆಲ್ಬಮಿಗೇ ಸೀಮಿತ.

ಕೇಳುವ ಅಭ್ಯಾಸಕ್ಕೆ ‘ಸೇಲಿಂಗ್’, ‘ಆಲ್ ರೈಟ್’, ‘ಚಾರ್ಮ್ ದಿ ಸ್ನೇಕ್’ ಈ ಮೂರನ್ನು ಇದೇ ಅನುಕ್ರಮದಲ್ಲಿ, ಹೆಡ್‌ಫೋನ್ ಹಾಕಿಕೊಂಡು, ಕಂಠ ಮತ್ತು ಡ್ರಮ್ ಇವೆರಡರ ಪ್ರಮಾಣವನ್ನು ಮಾತ್ರ ಗಮನಿಸುತ್ತಾ ಕೇಳಬಹುದು. ಪದಗಳನ್ನು ಸದ್ಯಕ್ಕೆ ಬದಿಗಿಡಿ.